ಕರಿಯ ಇದ್ದಾಗಲೇ ಬಂದ ಇನ್ನೊಂದು ನಾಯಿ

ಬೇಕರಿಯಲ್ಲಿ ಆಗತಾನೇ ಒಲೆಯಿಂದ ತೆಗೆದ ಬನ್ನಿನ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಹೆದರಿಕೆಯಾಗುತ್ತದೆ. ನಂಜನಗೂಡಿನ ಬಜಾರಿಗೆ ಸಂಜೆ ತರಕಾರಿ ತರಲು ಹೋದಾಗ ಬೇಕರಿ ಬರುವ ಮುಂಚೆಯೇ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತೇನೆ. ದೆವ್ವಕ್ಕೆ ಹೆದರುವವರನ್ನು ಕಂಡಿದ್ದೇನೆ, ಬನ್ನಿಗೆ ಹೆದರುವವಳು ಇವಳೊಬ್ಬಳೇ ಎಂದು ನಮ್ಮ ಮನೆಯವರು ಬಂದ ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರು ಪೇಟೆಯಲ್ಲಿ ಬೆಳೆದವರು, ಮೂರು ಕಡೆಯೂ ಕಬ್ಬು ನಿಂತ ಮನೆಯಲ್ಲಿ ಸಂಜೆ ಕಳೆದವರಲ್ಲ.

ಹೋದ ಭಾನುವಾರ ಅವರು ಊಟಕ್ಕೆ ಕೂತಾಗ ಒಂದು ಮಾತು ತೆಗೆದರು. ತಾಂಡ್ಯದಲ್ಲಿ ಅವರು ಕೆಲಸ ಮಾಡುವ ಫ್ಯಾಕ್ಟರಿಯ ಗೇಟಿನ ಹತ್ತಿರ ಬೀದಿನಾಯಿಯೊಂದು ಮರಿ ಹಾಕಿದೆಯಂತೆ, ಒಂದನ್ನು ತಂದುಬಿಡೋಣವೇ ಎಂದು. ನಮ್ಮ ಮನೆಯಲ್ಲಿ ಆಗಲೇ ರಾಜ ಇದ್ದಾನೆ. ನನ್ನ ಮಗಳು ಸಿರಿ ಹುಟ್ಟುವ ಮುಂಚಿನಿಂದ ಇರುವ ನಾಯಿ ಅದು. ಈಗ ಹಲ್ಲು ಸವೆದಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ, ಮೆಟ್ಟಿಲು ಹತ್ತಲು ನನ್ನ ಮುಖ ನೋಡಿಕೊಂಡು ನಿಲ್ಲುತ್ತಾನೆ. ಅವನಿಗೆ ಜೊತೆಯಾಗಲಿ ಎಂದು ಹೇಳುತ್ತಾರೇನೋ ಅಂದುಕೊಂಡೆ. ನಮ್ಮ ಮನೆಯವರು ದನಿ ತಗ್ಗಿಸಿ, "ಹಳೇದು ಇರೋವಾಗ್ಲೇ ಹೊಸದು ಬಂದ್ಬಿಟ್ರೆ ಒಳ್ಳೇದು ಕಣೇ. ಆಮೇಲೆ ಮಗೂಗೆ ಅಷ್ಟಾಗಿ ಗೊತ್ತಾಗಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು, ಮಗಳ ಕಣ್ಣಲ್ಲಿ ನೀರು ಕಾಣಲಾರದೆ ಹೇಳಿದ ಮಾತು. ಆದರೂ ಆ ಮಾತು ನನ್ನನ್ನು ಹೆದರಿಸಿತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಒಳಗೆ ಹೋದೆ. ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ, ನೆನಪು ಮಾಡಿಕೊಳ್ಳುವುದಕ್ಕೆ ಇತ್ತು.

ನಮ್ಮದು ಮೂಗೂರಿನಿಂದ ಟಿ. ನರಸೀಪುರದ ಕಡೆಗೆ ಬರುವಾಗ ನಾಲೆಯ ಪಕ್ಕಕ್ಕೆ ಒಳಗೆ ಸಿಗುತ್ತಿದ್ದ ಹೊಲದ ಮನೆ. ಕೆಂಪು ಹೆಂಚು, ಮುಂದೆ ಉದ್ದಕ್ಕೆ ಜಗಲಿ, ಜಗಲಿಯ ತುದಿಯಲ್ಲಿ ಒರಳು. ಮಳೆ ನಿಂತ ಮೇಲೆ ಹಸಿ ಮಣ್ಣಿನ ವಾಸನೆ, ಹಟ್ಟಿಯ ಗಂಜಲದ ವಾಸನೆ, ಒಲೆಯ ಹೊಗೆ ಮೂರೂ ಸೇರಿ ಅವ್ವನ ಸೆರಗಿನಲ್ಲೇ ಇರುತ್ತಿದ್ದವು. ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ತೊಟ್ಟಿಲಲ್ಲಿದ್ದ ತಮ್ಮ, ಇಷ್ಟೇ ಜನ. ಇನ್ನು ಕರಿಯ. ಕರಿಯ ನಾಯಿಯಾದರೂ ಮನೆಯ ಲೆಕ್ಕದಲ್ಲಿದ್ದವನು. ಅವ್ವ ಮುದ್ದೆ ಕಟ್ಟಿದಾಗ ಮೊದಲು ಗಂಡಸರಿಗೆ, ಮಕ್ಕಳಿಗೆ ಆದ ಮೇಲೆ ಕೊನೆಯ ಚಿಕ್ಕ ಮುದ್ದೆ ಅವನದು, ಅದನ್ನು ಸಾರಿನಲ್ಲಿ ಕಿವುಚಿ ನೆಗ್ಗಿದ ಅಲ್ಯೂಮಿನಿಯಂ ತಟ್ಟೆಯಲ್ಲಿ ಹೊಸಿಲಾಚೆ ಇಡುತ್ತಿದ್ದಳು. ಹೊಸಿಲು ದಾಟಿ ನಾಯಿ ಒಳಗೆ ಬರುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೆ ಹೊಸಿಲಾಚೆ ಮನೆಯ ಮುದ್ದೆ ಇಕ್ಕಿಸಿಕೊಂಡ ನಾಯಿ ನಮ್ಮದು, ಅದನ್ನು ಮಾರುವಂತಿಲ್ಲ, ಬಿಟ್ಟು ಬರುವಂತಿಲ್ಲ. ಇದು ಅಜ್ಜಿಯ ಕಾನೂನು, ಅಪ್ಪನೂ ಅದನ್ನು ಮೀರುತ್ತಿರಲಿಲ್ಲ.

ಆ ವರ್ಷ ಕಬ್ಬು ಆಳೆತ್ತರ ಬೆಳೆದಾಗ ಚಿರತೆ ಬಂತು. ಮೊದಲು ನಾಲೆಯಾಚೆಯವರ ಕರು ಹೋಯಿತು, ಆಮೇಲೆ ಅವರ ನಾಯಿ ಹೋಯಿತು, ಕಂಬಕ್ಕೆ ಕಟ್ಟಿದ್ದ ಸರಪಳಿ ಮಾತ್ರ ಹಾಗೇ ಇತ್ತು. ಅಲ್ಲಿಂದ ನಮ್ಮ ಮನೆಯ ಗಾಳಿಯೇ ಬದಲಾಯಿತು. ಹೊತ್ತು ಮುಳುಗುವುದರೊಳಗೆ ಕದ ಹಾಕುತ್ತಿದ್ದೆವು. ನಾನು ಹಿತ್ತಲಿಗೆ ಹೋಗಬೇಕಾದರೆ ಅಜ್ಜಿ ಕತ್ತಿ ಹಿಡಿದು ಜೊತೆಗೆ ಬರಬೇಕು. ಕಬ್ಬಿನ ಗರಿ ಗಾಳಿಗೆ ಸರಸರ ಎಂದರೆ ಸಾಕು, ಕಾಲು ಅಲ್ಲೇ ಅಂಟಿಕೊಳ್ಳುತ್ತಿತ್ತು. ಹಗಲು ಅದೇ ಗದ್ದೆಯೊಳಗೆ ನುಗ್ಗಿ ಕಬ್ಬು ಮುರಿದು ತಿಂದವಳು ನಾನು. ಈಗ ಅದರ ಒಂದೊಂದು ಸಾಲಿನೊಳಗೂ ಎರಡು ಕಣ್ಣು ಕೂತಿವೆ ಅನ್ನಿಸುತ್ತಿತ್ತು. ಅವ್ವ ತಮ್ಮನನ್ನು ತೊಟ್ಟಿಲಲ್ಲಿ ಬಿಟ್ಟು ನೀರಿಗೂ ಹೋಗುತ್ತಿರಲಿಲ್ಲ.

ಚಿರತೆ ಹಿಡಿಯುವವರು ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಬೋನು ತಂದು ನಮ್ಮ ಕಬ್ಬಿನ ಬದುವಿನಲ್ಲಿ ಇಳಿಸಿದರು. ಅದರಲ್ಲಿ ಎರಡು ಖಾನೆ. ಮುಂದಿನದಕ್ಕೆ ಚಿರತೆ ಬರಬೇಕು, ಹಿಂದಿನ ಚಿಕ್ಕದರಲ್ಲಿ ನಾಯಿ ಇರಬೇಕು, ನಡುವೆ ದಪ್ಪ ಸರಳು. ನಾಯಿಗೇನೂ ಆಗುವುದಿಲ್ಲ, ನಿಮ್ಮದನ್ನೇ ಬಿಡಿ ಎಂದು ಹೇಳಿ ಹೋದರು. ಅಪ್ಪ ಕರಿಯನನ್ನು ನೋಡಿದ. ಕರಿಯ ಬಾಲ ಅಲ್ಲಾಡಿಸಿದ. "ಮನೆ ಕಾದಿರೋ ಜೀವನ ತಗಂಡೋಗಿ ಬೋನ್ಗಾಕ್ತೀಯಾ? ಅದ್ರ ಬದ್ಲು ನನ್ನೇ ಆಕು, ಹೆಂಗೂ ಹಲ್ಲಿಲ್ಲ, ಕಚ್ಚಾಕಿಲ್ಲ" ಎಂದಳು ಅಜ್ಜಿ. ಅಪ್ಪ ಸೈಕಲ್ ಹತ್ತಿ ನರಸೀಪುರಕ್ಕೆ ಹೋದವನು ಸಂಜೆ ಗೋಣಿಚೀಲ ಕಟ್ಟಿಕೊಂಡು ಬಂದ. ಚೀಲ ಅಲುಗಾಡುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕ ಕಂದು ಬಣ್ಣದ ಹೆಣ್ಣುನಾಯಿ. ಹೀಗೆ ನಮ್ಮ ಮನೆಗೆ ಎರಡನೆಯ ನಾಯಿ ಬಂತು.

ಬಂತು ಎಂದರೂ ತಪ್ಪೇ, ಏಕೆಂದರೆ ಅದು ನಮ್ಮದಾಗಬಾರದು ಎಂದು ಎಲ್ಲರೂ ಜಾಗ್ರತೆ ವಹಿಸಿದ್ದರು. ಅವ್ವ ಮೊದಲ ದಿನವೇ ಹೇಳಿದಳು, ಇದಕ್ಕೆ ಮನೆಯ ಮುದ್ದೆ ಇಕ್ಕಬೇಡಿ, ಅಂಗಡಿಯ ಬನ್ನು ಹಾಕಿ ಎಂದು. ಮುದ್ದೆ ಇಕ್ಕಿದರೆ ನಮ್ಮದಾಗುತ್ತದೆ, ನಮ್ಮದಾದರೆ ಬೋನಿನಲ್ಲಿ ಬಿಡುವ ಹಾಗಿಲ್ಲ. ಅಪ್ಪ ದಿನಾ ಬನ್ನು ತಂದ. ಬಿಸಿಲು ಇಳಿಯುವ ಮುಂಚೆ ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ನಾನೂ ಬದುವಿನವರೆಗೆ ಹೋಗುತ್ತಿದ್ದೆ. ಅಜ್ಜಿ ಸರಳಿನ ಸಂದಿಯಿಂದ ಬನ್ನು ಮುರಿದು ಹಾಕುವಾಗ ಆ ನಾಯಿ ಬನ್ನು ಮೂಸದೆ ಅಜ್ಜಿಯ ಬೆರಳು ನೆಕ್ಕುತ್ತಿತ್ತು. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡು, "ಬ್ಯಾಡ ಕಣವ್ವ, ನಂಗೆ ನಂಟು ಹಚ್ಬ್ಯಾಡ" ಎನ್ನುತ್ತಿದ್ದಳು. ಹೆಸರೂ ಇಡಲಿಲ್ಲ. ಹಿಂದಿರುಗುವಾಗ ಅದು ಕೂಗುತ್ತಿದ್ದ ಕೂಗಿಗೆ ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿದರೆ ಹಿಂದಿನಿಂದ ಏನು ಬಂದರೂ ಕೇಳಿಸುವುದಿಲ್ಲವಲ್ಲ ಎಂದು ಮತ್ತೆ ತೆಗೆಯುತ್ತಿದ್ದೆ. ಬನ್ನಿನ ವಾಸನೆ ಅಂಗೈಗೆ ಅಂಟಿ ಕೈ ತೊಳೆದರೂ ಹೋಗುತ್ತಿರಲಿಲ್ಲ.

ಎಲ್ಲರ ಲೆಕ್ಕ ಒಂದೇ ಇತ್ತು. ಚಿರತೆ ಬಂದರೆ ಬೋನಿನ ನಾಯಿಯ ಕೂಗಿಗೆ ಬರುತ್ತದೆ, ಮನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆ ಧೈರ್ಯದಲ್ಲಿ ಕರಿಯ ಎಂದಿನಂತೆ ಜಗಲಿಯ ಮೇಲೇ ಇದ್ದ. ಒಂದು ಸಂಜೆ ಅವ್ವ ಆಗಷ್ಟೇ ದೀಪ ಹಚ್ಚಿ ಕದ ಹಾಕಿದ್ದಳು. ಕರಿಯ ಬೊಗಳಿದ. ಬೊಗಳುತ್ತಲೇ ಕದದ ಹತ್ತಿರ ಬಂದ, ಉಗುರಿನಿಂದ ಕದ ಕೆರೆದ ಸದ್ದು ಕೇಳಿಸಿತು. ಅಪ್ಪ ಅಗುಳಿಯ ಮೇಲೆ ಕೈಯಿಟ್ಟ. ಅವ್ವ ತಮ್ಮನನ್ನು ಎದೆಗೆ ಅವುಚಿಕೊಂಡು, "ತಗೀಬ್ಯಾಡಿ" ಎಂದಳು. ಅಪ್ಪನ ಕೈ ಅಲ್ಲೇ ಉಳಿಯಿತು. ಆಮೇಲೆ ಬೊಗಳುವುದು ನಿಂತಿತು. ಬೊಗಳುವ ನಾಯಿಗೆ ನಾನು ಇವತ್ತಿಗೂ ಹೆದರುವುದಿಲ್ಲ, ತಟ್ಟನೆ ಸುಮ್ಮನಾದ ನಾಯಿಗೆ ಹೆದರುತ್ತೇನೆ. ಬದುವಿನ ಕಡೆ ಬೋನಿನೊಳಗಿನ ನಾಯಿ ಮಾತ್ರ ಬೆಳಗಿನವರೆಗೂ ಕೂಗಿತು. ಬಯಲಿನಲ್ಲಿ ಕಬ್ಬಿಣದ ಸರಳಿನ ನಡುವೆ ಇದ್ದದ್ದು ಬದುಕಿತು, ಮನೆಯ ಜಗಲಿಯ ಮೇಲಿದ್ದವನು ಹೋದ.

ಬೆಳಿಗ್ಗೆ ಒರಳಿನ ಹತ್ತಿರ ಸ್ವಲ್ಪ ರಕ್ತವಿತ್ತು, ಅವ್ವ ಅದರ ಮೇಲೆ ಬೂದಿ ಚೆಲ್ಲಿ ಗುಡಿಸಿದಳು. ದೊಡ್ಡವರು ಯಾರೂ ಅಳಲಿಲ್ಲ. ಅಪ್ಪ ಬದುವಿಗೆ ಹೋಗಿ ಬೋನಿನ ಹಿಂಬಾಗಿಲು ತೆಗೆದು ಕಂದು ನಾಯಿಯನ್ನು ಹಗ್ಗದಲ್ಲಿ ಎಳೆದುಕೊಂಡು ಬಂದ. ಮನೆಗೆ ನಾಯಿಯಿಲ್ಲದಿದ್ದರೆ ಆಗುವುದಿಲ್ಲವಲ್ಲ. ಅವ್ವ ಆ ಮಧ್ಯಾಹ್ನವೇ ಕರಿಯನ ತಟ್ಟೆಯಲ್ಲಿ ಮುದ್ದೆ ಕಿವುಚಿ ಅದರ ಮುಂದೆ ಇಟ್ಟಳು. ನಾನು ಬಿಕ್ಕುವುದನ್ನು ಕಂಡು ಅಪ್ಪ ತಲೆ ಸವರಿ, "ಓಗ್ಲಿ ಬುಡು ಮಗ, ಇನ್ನೊಂದು ಅದೆಯಲ್ಲ" ಎಂದ. ಸಮಾಧಾನಕ್ಕೆ ಹೇಳಿದ್ದು, ಈಗ ಗೊತ್ತಾಗುತ್ತದೆ. ಆದರೆ ಆ ಕ್ಷಣ ನನಗೆ ತೊಟ್ಟಿಲು ಕಾಣಿಸಿತು. ತೊಟ್ಟಿಲೊಳಗೆ ತಮ್ಮ ಕೈಕಾಲು ಆಡಿಸುತ್ತಿದ್ದ. ಈ ಮನೆಯಲ್ಲಿ ಮಕ್ಕಳೂ ಎರಡು.

ಅವತ್ತಿನಿಂದ ಚಿರತೆಗಿಂತ ಆ ಮಾತಿಗೆ ಹೆಚ್ಚು ಹೆದರಿದೆ. ಹಗಲಲ್ಲೂ ಹೊಸಿಲು ದಾಟಲಿಲ್ಲ. ಹಾಸಿಗೆ ಒದ್ದೆಯಾಗತೊಡಗಿತು. ಅವ್ವ ಗದರಿದಳು, ತಾಯತ ಕಟ್ಟಿಸಿದಳು, ಏನೂ ಆಗಲಿಲ್ಲ. ಕೊನೆಗೆ ಅಜ್ಜಿ ನನ್ನ ತಲೆಗೆ ಹರಳೆಣ್ಣೆ ತಟ್ಟುತ್ತಾ ಮೆಲ್ಲಗೆ ಕೇಳಿದಳು, ಅದೇನು ಕೂಸೇ ನಿನ್ನ ಹೊಟ್ಟೆಯಲ್ಲಿರುವುದು ಎಂದು. ನಾನು ಅವಳ ಮಡಿಲಲ್ಲಿ ಮುಖ ಹುದುಗಿಸಿ ಹೇಳಿಬಿಟ್ಟೆ. "ನನ್ನ ಚಿರತೆ ಎತ್ಕಂಡೋದ್ರೆ ತಮ್ಮ ಅವ್ನೆಯಲ್ಲ ಅಂತ ಸುಮ್ಕಾಗ್ಬುಡ್ತೀರಾ ಅಜ್ಜಿ?"

ಅಜ್ಜಿ ಎದ್ದು ಸೊಂಟ ಹಿಡಿದುಕೊಂಡು ಹೊರಗೆ ಹೋಗಿ ಒರಳಿನ ಪಕ್ಕ ಕೂತಳು. ಸೆರಗು ತಲೆಗೆ ಎಳೆದುಕೊಂಡು, ಸಾವಿನ ಮನೆಯಲ್ಲಿ ನಮ್ಮ ಕಡೆಯ ಹೆಂಗಸರು ರಾಗ ಎಳೆದು ಹಾಡಾಡಿಕೊಂಡು ಅಳುತ್ತಾರಲ್ಲ, ಹಾಗೆ ದನಿ ತೆಗೆದಳು. ಕರಿಯಾ ನನ್ನಪ್ಪಾ ಎಂದಳು. ಹಾವು ತೋರಿಸಿಕೊಟ್ಟವನೇ ಎಂದಳು, ಕೂಸಿನ ಹಿಂದೆ ನಾಲೆಯವರೆಗೂ ನಡೆದವನೇ ಎಂದಳು. "ನಾವು ಕದ ಹಾಕ್ಕಂಡೋ, ನೀನು ಈಚೇಲೇ ಉಳ್ಕಂಡ್ಯಲ್ಲೋ" ಎಂದು ಎದೆ ಬಡಿದುಕೊಂಡಳು. ಅಪ್ಪ ಗದ್ದೆಯಿಂದ ಓಡಿ ಬಂದ, ಯಾರು ಹೋದರೋ ಎಂದು. ವಿಷಯ ತಿಳಿದ ಮೇಲೆ, ನಾಯಿಗೆ ಹೀಗೆ ಅಳುತ್ತಾರೇನವ್ವ, ಜನ ಏನಂದಾರು ಎಂದ. "ಅತ್ತಿಲ್ಲ ಅಂದ್ರೆ ಅಂವ ಓದ ಅಂತ್ಲೇ ಆಗಾಕಿಲ್ಲ ಕಣ್ಲಾ" ಎಂದು ಅಜ್ಜಿ ಮತ್ತೆ ರಾಗ ಹಿಡಿದಳು. ಅಪ್ಪ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮುಖಕ್ಕೆ ಟವೆಲ್ ಒತ್ತಿಕೊಂಡ. ನಮ್ಮಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕದದ ಮರೆಯಲ್ಲಿದ್ದ ನಾನು ಹೊಸಿಲು ದಾಟಿ ಅವರಿಬ್ಬರ ನಡುವೆ ಹೋಗಿ ಕೂತೆ.

ಚಿರತೆ ಬೋನಿಗೆ ಬೀಳಲೇ ಇಲ್ಲ. ಕಬ್ಬು ಕಟಾವಾದ ಮೇಲೆ ಎಲ್ಲಿ ಹೋಯಿತೋ. ಕಂದು ನಾಯಿ ನಮ್ಮಲ್ಲೇ ಬಾಳಿ ಮುದಿಯಾಗಿ ಸತ್ತಿತು, ಅಜ್ಜಿ ಅದಕ್ಕೂ ಅತ್ತಳು. ಆಮೇಲೆ ಅಜ್ಜಿ ಹೋದಳು, ಅಪ್ಪ ಅವ್ವ ನರಸೀಪುರಕ್ಕೆ ಬಂದು ಅಲ್ಲೇ ತೀರಿಕೊಂಡರು. ಹೊಲದ ಮನೆಯ ಹೆಂಚು ಇಳಿಸಿಯಾಯಿತು, ಈಗ ಅಲ್ಲಿ ಪಂಪ್‌ಸೆಟ್ಟಿನ ಶೆಡ್ಡು ಒಂದಿದೆ. ತಮ್ಮನಿಗೆ ಕರಿಯನಾಗಲಿ ಆ ಚಿರತೆಯಾಗಲಿ ನೆನಪಿಲ್ಲ, ಆಗ ತೊಟ್ಟಿಲಲ್ಲಿದ್ದವನು. ಆ ಸಂಜೆಗಳನ್ನು ನೆನಪಿಟ್ಟವಳು ಎಂದು ಉಳಿದಿರುವುದು ನಾನೊಬ್ಬಳೇ, ಅದೂ ಒಂದು ಹೆದರಿಕೆ.

ನಿನ್ನೆ ನಮ್ಮ ಮನೆಯವರಿಗೆ ಹೇಳಿದೆ, ಮರಿ ಈಗ ಬೇಡ ಎಂದು. ರಾಜ ಇರುವವರೆಗೆ ಈ ಮನೆಯಲ್ಲಿ ರಾಜ ಒಬ್ಬನೇ. ಅವನ ಜಾಗದಲ್ಲಿ ಅವನು ಇನ್ನೂ ಮಲಗಿದ್ದಾನೆ. ಹೋದ ಮೇಲೆ ಮನೆ ಖಾಲಿಯಾಗುತ್ತದೆ, ಸ್ವಲ್ಪ ದಿನ ಖಾಲಿಯೇ ಇರಲಿ. ಆ ದಿನ ದೂರವಿಲ್ಲ ಎಂದು ನನಗೂ ಗೊತ್ತು. ಅವರು ಆಗಲಿ ಎಂದರು. ಸಿರಿ ರಾಜನ ಕಿವಿಗೆ ಕಚ್ಚಿದ್ದ ಉಣ್ಣೆಹುಳ ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇವತ್ತು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ಅಮ್ಮಾ, ರಾಜ ಹೋದ ದಿನ ನಂಗೆ ಸ್ಕೂಲಿಗೆ ರಜಾ ಕೊಡಿಸ್ತೀಯಾ?" ಎಂದು ಕೇಳಿದಳು.

ಕೊಡಿಸ್ತೀನಿ ಎಂದೆ.