ಹತ್ತು ಮಂದಿ ಮತ್ತು ಒಬ್ಬ ಕೀಪರ್

ಹರ್ನಿಯಾ ಆಪರೇಷನ್ನಿಗೆಂದು ಟೇಬಲ್ಲಿನ ಮೇಲೆ ಮಲಗಿಸಿದ್ದ ಹೈಸ್ಕೂಲು ಮೇಷ್ಟ್ರು, ಇನ್ನೇನು ಮದ್ದಿನ ಮತ್ತು ಬರಬೇಕೆನ್ನುವ ಗಳಿಗೆಯಲ್ಲಿ, ಮೈಮೇಲಿನ ಹಸಿರು ಬಟ್ಟೆ ಸಮೇತ ಎದ್ದು ಕೂತರು.

"ಏನಂದ್ರಿ? ಇನ್ನೊಂದ್ಸಲ ಹೇಳಿ!"

"ಕೋಪ ಮಾಡ್ಕೋಬೇಡಿ ಮೇಷ್ಟ್ರೇ. ನಿಮ್ಮ ವಿಕೆಟ್ ಕೀಪರ್‌ದು ಬ್ಯಾಟಿಂಗ್ ಚೆನ್ನಾಗಿದೆ. ಕೈ ಮಾತ್ರ ಜರಡಿ ಅಂದೆ," ಎಂದರು ನನ್ನ ಭಾವ.

"ಅವನ ಕೈ ಜರಡಿನಾ? ನೀವು ಮ್ಯಾಚ್ ನೋಡಿದ್ದೀರೋ, ಬರೀ ಸ್ಕೋರ್ ಓದಿದ್ದೀರೋ?"

ಬಿಪಿ ನೂರ ತೊಂಬತ್ತಕ್ಕೆ ಏರಿತು. ಸರ್ಜನ್ ಕೈಗವಸು ಕಿತ್ತು ಬುಟ್ಟಿಗೆಸೆದರು. "ಡಾಕ್ಟ್ರೇ, ನಿಮ್ಮನ್ನ ಕರೆಸಿದ್ದು ಮಲಗಿಸೋಕೆ, ಎಬ್ಬಿಸೋಕಲ್ಲ," ಎಂದಷ್ಟೇ ಹೇಳಿ ಹೊರನಡೆದರು. ಆಪರೇಷನ್ ಗುರುವಾರಕ್ಕೆ ಹೋಯಿತು. ಮೇಷ್ಟ್ರು ವಾರ್ಡಿನ ತನಕವೂ ತಳ್ಳುಗಾಡಿಯ ಮೇಲಿಂದಲೇ ತಮ್ಮ ಟೀಮಿನ ಉಳಿದ ಹತ್ತು ಹೆಸರನ್ನು ಕೂಗುತ್ತ ಹೋದರಂತೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ವೃತ್ತಿಯಲ್ಲಿ ಅರಿವಳಿಕೆ ವೈದ್ಯರು. ವ್ಯಾಕರಣದ 'ಮತ್ತು' ಎರಡು ಪದಗಳನ್ನು ಸೇರಿಸುತ್ತದೆ, ಭಾವನ ಮತ್ತು ಎರಡು ರೆಪ್ಪೆಗಳನ್ನು. ಉಳಿದ ವೈದ್ಯರು ಸೂಜಿ ಚುಚ್ಚುವಾಗ "ಹತ್ತರಿಂದ ಹಿಂದಕ್ಕೆ ಎಣಿಸಿ" ಎನ್ನುತ್ತಾರೆ. ಹಿಂದಕ್ಕೆ ಎಣಿಸು ಎಂದರೆ ಯಾರಿಗಾದರೂ ದಿನ ಎಣಿಸಿದ ಹಾಗಲ್ಲವೇ ಎಂದು ಭಾವನ ವಾದ. ಅದಕ್ಕೇ ಅವರು, "ಎಲ್ಲ ಕಾಲದ, ಎಲ್ಲ ದೇಶದ, ಐವತ್ತು ಓವರಿನ ಆಟಕ್ಕೆ ಹನ್ನೊಂದು ಜನ ಹೇಳಿ ನೋಡೋಣ," ಎನ್ನುತ್ತಾರೆ. ರೋಗಿಯ ಮುಖದಿಂದ ಭಯ ಇಳಿದು ಹಟ ಏರುತ್ತದೆ. ಕ್ರಿಕೆಟ್ಟೇ ಗೊತ್ತಿಲ್ಲದ ಅಜ್ಜಿಯೊಬ್ಬರು ಮೊಮ್ಮಕ್ಕಳ ಹೆಸರು ಶುರು ಮಾಡಿದ್ದರು. ಭಾವ ಅದನ್ನೂ ಗಂಭೀರವಾಗಿ ಕೇಳಿ, "ಓಪನರುಗಳು ಪರವಾಗಿಲ್ಲ," ಎಂದಿದ್ದರು.

ಆದರೆ ಮೂವತ್ತು ವರ್ಷದಲ್ಲಿ ಯಾರೂ ನಾಲ್ಕನೆಯ ಹೆಸರು ದಾಟಿದವರಿಲ್ಲ. ಕೀಪರ್ ಆಡಲು ಬರುವುದು ಸಾಮಾನ್ಯವಾಗಿ ಆರಕ್ಕೋ ಏಳಕ್ಕೋ. ಏಳು ಎನ್ನುವಷ್ಟರಲ್ಲಿ ಎಲ್ಲರೂ ಮಲಗಿರುತ್ತಾರೆ. ಕೀಪರನ್ನೇ ಓಪನರ್ ಮಾಡಿ ಮೊದಲ ಉಸಿರಿಗೇ ಹೆಸರು ಹೇಳಿದವರು ಹರ್ನಿಯಾ ಮೇಷ್ಟ್ರೊಬ್ಬರೇ. ಕೊನೆಗೂ ಕೀಪರ್ ಬಗ್ಗೆ ಮಾತಾಡುವ ಆಸೆಗೆ ಭಾವ ಬಾಯಿಬಿಟ್ಟು ಕೆಟ್ಟರು.

ಏಕೆಂದರೆ ಅವರ ಸ್ವಂತ ಟೀಮಿನಲ್ಲಿ ಹತ್ತು ಜನ ಎಂದೋ ಖಾಯಮ್ಮಾಗಿದ್ದರು. (ಹೆಸರು ಬರೆಯುವುದಿಲ್ಲ. ನಿಮ್ಮ ಬಿಪಿಯ ಹೊಣೆ ನನಗೆ ಬೇಡ.) ಕೀಪರ್ ಮಾತ್ರ ಸಿಕ್ಕಿರಲಿಲ್ಲ.

"ಬ್ಯಾಟ್ಸ್‌ಮನ್ ಔಟಾದ್ರೆ ಇನ್ನೊಬ್ಬ ಬರ್ತಾನೆ ಕಣೋ. ಬೌಲರ್‌ಗೆ ಮುಂದಿನ ಓವರ್ ಇದೆ. ಕೀಪರ್‌ಗೆ ಮುನ್ನೂರು ಬಾಲ್, ಮುನ್ನೂರೂ ಅವನದೇ. ಇನ್ನೂರ ತೊಂಬತ್ತೊಂಬತ್ತು ಹಿಡಿದಿದ್ದು ಯಾರಿಗೂ ನೆನಪಿರಲ್ಲ."

ಇಡೀ ದಿನ ರೋಗಿಯ ತಲೆಯ ಹಿಂದೆ ಕೂತು ಒಂದೊಂದು ಉಸಿರನ್ನೂ ಹಿಡಿಯುವ ಮನುಷ್ಯ ಹೀಗೆ ಹೇಳಿದರೆ ನಾನು ಏನು ತಾನೇ ಎದುರಾಡಲಿ? ಮೆಡಿಕಲ್ ಕಾಲೇಜಿನ ಟೀಮಿಗೆ ಅವರೇ ಕೀಪರಾಗಿದ್ದರು. ಎರಡನೆಯ ವರ್ಷಕ್ಕೆ ಬಿಟ್ಟರು. ಯಾಕೆಂದು ಕೇಳಿದರೆ, "ಓದೋದಿತ್ತು" ಎಂದು ಮಾತು ಹಾರಿಸುತ್ತಿದ್ದರು.

ಯಾರನ್ನೂ ನಂಬುವ ಪೈಕಿ ಅಲ್ಲ ಅವರು. "ಕಟ್ಟಿಸಿದ ಹಲ್ಲು ಇದೆಯೇನ್ರೀ? ಹಾಗೇ ಮಲಗಿಸಿದ್ರೆ ಗಂಟಲಿಗೆ ಜಾರತ್ತೆ," ಎಂದು ಪ್ರತಿ ರೋಗಿಯನ್ನೂ ಕೇಳಿ, ಇಲ್ಲವೆಂದರೂ ಬೆರಳು ಹಾಕಿ ಅಲುಗಿಸಿ ನೋಡುವರು. "ಹೆಂಡತಿ ಪಕ್ಕದಲ್ಲಿದ್ರೆ ಗಂಡಸರು ಈ ವಿಷಯದಲ್ಲಿ ನಿಜ ಹೇಳಲ್ಲ," ಎಂದು ಅನುಭವಿಯ ಹಾಗೆ ಹೇಳುತ್ತಿದ್ದರು. ಮನೆಯಲ್ಲೂ ಅದೇ ಶಿಸ್ತು. ಸೇಬನ್ನು ಕಚ್ಚರು, ಚಾಕುವಿನಿಂದ ತೆಳ್ಳಗೆ ಹೋಳು ಮಾಡುವರು. ಹಲ್ಲುಜ್ಜಲೂ ಚಿಲಕ ಹಾಕಿಕೊಳ್ಳುವರು. ಆಪರೇಷನ್ ಥಿಯೇಟರಿನ ಶುಚಿ ಮನೆಗೂ ಬಂದಿದೆ ಎಂದು ಅಕ್ಕ ನೆಂಟರೆದುರು ಹೆಮ್ಮೆಪಡುತ್ತಿದ್ದಳು.

ಇಂಥವರ ಪಿತ್ತಕೋಶದಲ್ಲೇ ಕಲ್ಲು ಕಾಣಿಸಿತು. ಬೇರೆಯವರ ಪಿತ್ತ ನೆತ್ತಿಗೇರಿದರೆ ಇವರದು ಕೂತಲ್ಲೇ ಕಲ್ಲಾಗಿತ್ತು. ತೆಗೆಯಲೇಬೇಕು ಎಂದರು ಸರ್ಜನ್.

ಅಂದಿನಿಂದ ಭಾವ ಕೂತಲ್ಲಿ ಕೂರಲಿಲ್ಲ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ, ನಾನ್‌ಸ್ಟ್ರೈಕರನ ಹಾಗೆ ಓಡುವುದು, ಅರ್ಧಕ್ಕೆ ತಿರುಗುವುದು. ಕಾಫಿ ತಣ್ಣಗಾಗುತ್ತಿತ್ತು. ಜೇಬಿನಲ್ಲಿ ಒಂದು ಚೀಟಿ. ಹತ್ತು ನಿಮಿಷಕ್ಕೊಮ್ಮೆ ತೆಗೆದು ಏನೋ ಬರೆದು, ಹೊಡೆದುಹಾಕಿ, ಮಡಚಿಡುವುದು. ಅಂಗಿ ಒಗೆಯಲು ಹಾಕುವಾಗ ಅದು ಅಕ್ಕನ ಕೈಗೆ ಸಿಕ್ಕಿತು. ಹತ್ತು ಆಟಗಾರರು ಅಚ್ಚುಕಟ್ಟಾಗಿದ್ದರು. ಹನ್ನೊಂದನೆಯ ಜಾಗದಲ್ಲಿ ಊರಿನ ಐವರು ಅರಿವಳಿಕೆ ವೈದ್ಯರ ಹೆಸರು, ಐದಕ್ಕೂ ಅಡ್ಡಗೆರೆ.

"ರೀ, ಇವರೆಲ್ಲ ಯಾವ ದೇಶಕ್ಕೆ ಆಡ್ತಾರೆ?"

ಭಾವ ಪೇಪರಿನ ಹಿಂದೆ ಮುಖ ಮರೆಸಿದರು.

"ಮೂವತ್ತು ವರ್ಷ ಊರನ್ನೆಲ್ಲ ಮಲಗಿಸಿದ್ದೀರಿ. ನಿಮ್ಮನ್ನ ಒಂದು ಗಂಟೆ ಮಲಗಿಸೋಕೆ ಒಬ್ಬರೂ ಸಿಗಲ್ವಾ?"

"ಮಲಗಿಸೋರು ಸಿಗ್ತಾರೆ ಕಣೇ. ಎಬ್ಬಿಸೋರು ಬೇಕಲ್ಲ," ಎಂದರು ಭಾವ ಮೆಲ್ಲಗೆ.

ಅಕ್ಕ ಒಗೆಯುವ ಬಟ್ಟೆ ಕೆಳಗಿಟ್ಟು ಪಕ್ಕದಲ್ಲಿ ಕೂತಳು. "ಮರಿ ಡಾಕ್ಟರ್ ಇದ್ದಾಳಲ್ಲ. ಆರು ವರ್ಷ ನಿಮ್ಮ ಕೈಕೆಳಗೆ ಕಲಿತಿದ್ದಾಳೆ. ಅವಳೂ ಬೇಡ ಅಂದ್ರೆ ನಿಮ್ಮ ಪಾಠವೇ ಸರಿ ಇರಲಿಲ್ಲ ಅಂತಾಯ್ತು."

ಈ ಬಾಲನ್ನು ಹೇಗೆ ಆಡಿದರೂ ಔಟು. ಭಾವ ಒಪ್ಪಿದರು.

ಒಪ್ಪಿದರೂ ನೆಮ್ಮದಿಯಿಲ್ಲ. ರಜೆ ಹಾಕಿಯೂ ಆಸ್ಪತ್ರೆಗೆ ಹೋಗಿ ಆಮ್ಲಜನಕದ ಸಿಲಿಂಡರ್ ತಟ್ಟಿ ನೋಡಿ ಬಂದರು. ಮರಿ ಡಾಕ್ಟರಿಗೆ ಫೋನಿನಲ್ಲೇ ಬಾಯಿಪಾಠದ ಪರೀಕ್ಷೆ ನಡೆಸಿದರು. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಅದಕ್ಕೂ ಇವರಿಗೆ ಅಸಮಾಧಾನ.

ಆಪರೇಷನ್ ದಿನ ಬೆಳಿಗ್ಗೆ ಅವಳು ವಾರ್ಡಿಗೆ ಬಂದು ಪಟ್ಟಿ ಹಿಡಿದು ಕೇಳತೊಡಗಿದಳು. ಅಕ್ಕ ಮಂಚದ ಪಕ್ಕದಲ್ಲೇ ಇದ್ದಳು, ನಾನು ಕಿಟಕಿಯ ಬಳಿ. ಯಾವುದಾದರೂ ಔಷಧಿ ಆಗಿಬರಲ್ವಾ? ಇಲ್ಲ. ಹಿಂದೆ ಆಪರೇಷನ್ ಆಗಿದೆಯಾ? ಇಲ್ಲ.

"ಕಟ್ಟಿಸಿದ ಹಲ್ಲು ಏನಾದ್ರೂ, ಸರ್?"

ಭಾವ ಅಕ್ಕನನ್ನು ನೋಡಿದರು, ಆಮೇಲೆ ಫ್ಯಾನನ್ನು. "ನನ್ನನ್ನೇ ಕೇಳ್ತೀಯಾ?"

ಹುಡುಗಿ ಕೆಂಪಾದಳು. ಗುರುವಿನ ಬಾಯಿಗೆ ಬೆರಳು ಹಾಕುವುದಾದರೂ ಹೇಗೆ? ಪಟ್ಟಿಯಲ್ಲಿ 'ಇಲ್ಲ' ಎಂದು ಗುರುತು ಹಾಕಿ ಹೊರಟಳು. ಭಾವ ಮಗ್ಗುಲು ಬದಲಿಸಿದರು, ಎದ್ದು ಕೂತರು, "ನೀವಿಬ್ರೂ ಒಂದ್ನಿಮಿಷ ಹೊರಗೆ…" ಎಂದರು. ಅಷ್ಟರಲ್ಲಿ ತಳ್ಳುಗಾಡಿ ಬಂತು.

ಮುಂದಿನದನ್ನು ಮರಿ ಡಾಕ್ಟರೇ ನನಗೆ ಕ್ಯಾಂಟೀನಿನಲ್ಲಿ ಹೇಳಿದಳು, ನಗುವೋ ಅಳುವೋ ತಿಳಿಯದ ಮುಖದಲ್ಲಿ. ಅವಳಿಗೆ ಕ್ರಿಕೆಟ್ಟಿನ ಗಂಧಗಾಳಿಯಿಲ್ಲ. ಆದರೂ ಗುರುಗಳ ಪದ್ಧತಿ ಬಿಡಬಾರದೆಂದು ಸಿರಿಂಜು ಹಿಡಿದು, "ಸರ್, ಹನ್ನೊಂದು ಜನ, ಶುರು ಮಾಡಿ," ಎಂದಳು. ಔಷಧಿ ಇನ್ನೂ ಒತ್ತಿರಲಿಲ್ಲ. ಭಾವ ಗಡಗಡ ಹತ್ತು ಹೆಸರು ಒಪ್ಪಿಸಿದರು. ಅಲ್ಲಿಗೆ ನಿಲ್ಲಿಸಿದರು. ಅವಳ ಕೈಯನ್ನೇ ನೋಡಿದರು. ಕೈ ನಡುಗುತ್ತಿರಲಿಲ್ಲ.

"ಕೀಪರ್ ಯಾರು ಸರ್?"

ಭಾವನ ಕಣ್ಣು ತೇವವಾಯಿತು. ತನ್ನ ಹೆಸರನ್ನೇ ಹೇಳಿಬಿಡುತ್ತಾರೆಂದು ಅವಳು ಬಾಗಿ ಕಿವಿಗೊಟ್ಟಳಂತೆ.

"ಕೀಪರ್ ಮನೆ ಹಾಳಾಗ್ಲಿ. ಮೇಲಿನ ಎರಡು ಹಲ್ಲು ನನ್ನವಲ್ಲ ಕಣಮ್ಮ, ಕಾಲೇಜಲ್ಲಿ ಕೀಪಿಂಗ್ ಮಾಡುವಾಗ ಹೋದ್ವು. ತೆಗೆದು ಡಬ್ಬೀಲಿಡು. ಡಬ್ಬೀನ ಮಾತ್ರ ನಮ್ಮ ಮನೆಯವಳ ಕೈಗೆ ಕೊಡ್ಬೇಡ."