ಖಾಲಾ ಬಾಯಿಯ ಹುಣ್ಣು

ಮೊನ್ನೆ ರಾಮನಗರದ ಬಸ್ ನಿಲ್ದಾಣದ ಹೊರಗೆ ತಳ್ಳುಗಾಡಿಯವನು ಸೀಬೆಹಣ್ಣನ್ನು ಎಲೆಸಮೇತ ಜೋಡಿಸಿಟ್ಟಿದ್ದ. ನನ್ನ ತುಟಿಯೊಳಗೆ ಮತ್ತೆ ಹುಣ್ಣೆದ್ದಿತ್ತು. ಒಂದು ಎಳೆ ಚಿಗುರು ಕೇಳಿ ಪಡೆದು ಬೆರಳಲ್ಲಿ ಉಜ್ಜಿದೆ. ಆ ಒಗರು ವಾಸನೆಗೆ ನಮ್ಮ ಹಳೆಯ ಪಕ್ಕದ ಮನೆಯವರು ನೆನಪಾದರು. ಬೀದಿಯ ಮಕ್ಕಳಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ...

ನನ್ನ ಬಾಯಿಗೂ ಹುಣ್ಣಿಗೂ ಚಿಕ್ಕಂದಿನಿಂದ ನೆಂಟಸ್ತನ. ಪರೀಕ್ಷೆ ಬಂದರೆ ಹುಣ್ಣು, ನಿದ್ದೆಗೆಟ್ಟರೆ ಹುಣ್ಣು. "ಬಾಯಿ ಜಾಸ್ತಿ ಇರೋರ್ಗೆ ಹುಣ್ಣೂ ಜಾಸ್ತಿ ಕಣೆ" ಎಂದು ಅಮ್ಮ ನಗುತ್ತಿದ್ದಳು. ಖಾಲಾ ನಗುತ್ತಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದವರು, ಬಿಸಿನೀರಿಗೆ ಬೆಳ್ಳಗಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದು ಬರುತ್ತಿದ್ದರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಆ ಅನ್ನು. ಒಸಿ ಉರೀತೈತೆ, ತಡ್ಕೋ ಬೇಟಿ" ಎನ್ನುತ್ತ ಜೇನು ಸವರುತ್ತಿದ್ದರು. ಆಮೇಲೆ ಜಗಿಯಲು ಹಿತ್ತಲಿನ ಸೀಬೆಯ ಚಿಗುರು. ವಾರದಲ್ಲಿ ಮಾಯುತ್ತಿತ್ತು, ಸ್ವಲ್ಪ ದಿನಕ್ಕೆ ಇನ್ನೊಂದು ಕಡೆ ಏಳುತ್ತಿತ್ತು.

ಖಾಲಾ ಬಾಯಲ್ಲಿ ಮಾತ್ರ ಸದಾ ಎಲೆಅಡಿಕೆ, ಹೊಗೆಸೊಪ್ಪು. ಬೆಂದ ಹುಳದ ನಾತ ತಡೆಯಲು ಆ ಶೆಡ್ಡುಗಳ ಹೆಂಗಸರೆಲ್ಲ ಅದನ್ನು ದವಡೆಗೆ ಒತ್ತಿಕೊಂಡೇ ಕೂರುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ವರ್ಷ ಅವರ ಎಡಗೆನ್ನೆಯೊಳಗೂ ಹುಣ್ಣೆದ್ದಿತು. ಯಾರಿಗೂ ಗಾಬರಿಯಾಗಲಿಲ್ಲ. ದಿನವೆಲ್ಲ ಒಲೆ ಮುಂದೆ ಕೂರುವವರಿಗೆ ಉಷ್ಣವಾಗದೆ ಇನ್ನೇನು? ಜೇನು ಸವರಿಕೊಂಡರು, ಗಸಗಸೆ ಪಾಯಸ ಕುಡಿದರು, ಮೆಡಿಕಲ್ ಅಂಗಡಿಯ ಬಿ ಕಾಂಪ್ಲೆಕ್ಸ್ ನುಂಗಿದರು. ಹೊಗೆಸೊಪ್ಪನ್ನು ಬಲಗೆನ್ನೆಗೆ ಬದಲಾಯಿಸಿಕೊಂಡರು, ಅಷ್ಟೇ. ನನ್ನದು ಬಾಯೆಲ್ಲ ಸುತ್ತುವ ಹುಣ್ಣು. ಅವರದು ಕೂತ ಜಾಗ ಬಿಟ್ಟು ಏಳಲೇ ಇಲ್ಲ. ಅಮ್ಮ ಕೇಳಿದರೆ, "ನೋವೇ ಇಲ್ಲ ಕಣಮ್ಮಾ, ವಾಸಿ ಆಗ್ತಾ ಐತೆ" ಎನ್ನುತ್ತಿದ್ದರು. ನೋವಿಲ್ಲದ ಹುಣ್ಣಿಗೇ ಹೆಚ್ಚು ಹೆದರಬೇಕೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಾಯಿ ತೆರೆಯಲು ಆಗದಂತಾದಾಗ ಮಗ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಕ್ಯಾನ್ಸರ್ ಎಂದರು. ದವಡೆಯ ಒಂದು ಭಾಗ ತೆಗೆದರು. ಅಷ್ಟರಲ್ಲಿ ಅದು ಕುತ್ತಿಗೆಗೂ ಇಳಿದಿತ್ತು.

ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಮೂಗಿಗೆ ನಳಿಕೆ ಹಾಕಿದ್ದರು, ಮಾತು ನಿಂತಿತ್ತು. ಹಾಸಿಗೆಯ ಪಕ್ಕ ಕೂತೆ. ಖಾಲಾ ಕೈಚಾಚಿ ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ನಾನು ಬಾಯಿ ತೆರೆದೆ. ಎಡಗಡೆ, ಬಲಗಡೆ, ನಾಲಗೆಯ ಕೆಳಗೆ... ಎಲ್ಲ ನೋಡಿದರು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಹೊರಗೆ ಬಂದು ಅತ್ತುಬಿಟ್ಟೆ. ರಂಜಾನಿಗೆ ಮೊದಲೇ ಅವರು ಹೋಗಿಬಿಟ್ಟರು.

ಮೊನ್ನೆ ಬಸ್ ನಿಲ್ದಾಣದಿಂದ ನೇರ ಆ ಶೆಡ್ಡಿಗೇ ಹೋದೆ. ಈಗ ಅಲ್ಲಿ ಅವರ ಸೊಸೆ ಕೂರುತ್ತಾಳೆ. ಬಾಯಿ ತೋರಿಸಮ್ಮ ಎಂದೆ. "ಅಯ್ಯೋ, ಹೋಗಕ್ಕಾ" ಎಂದು ಸೆರಗು ಅಡ್ಡ ಹಿಡಿದು ನಕ್ಕಳು. ಸೆರಗಿನ ಹಿಂದೆ ದವಡೆ ಆಡುತ್ತಲೇ ಇತ್ತು. ಖಾಲಾ ಹೋದರು, ಆ ಮನೆಯಲ್ಲಿ ಒಂದು ಚಿಟಿಕೆ ಹೊಗೆಸೊಪ್ಪೂ ಕಡಿಮೆಯಾಗಿಲ್ಲ.