ಸಿಕ್ ಲೀವು ಸಿಕ್ಕಿತು

ಕಾಯಿಲೆ ಬೀಳುವುದು ಸುಲಭ. ಬಿದ್ದಿದ್ದೇನೆಂದು ತೋರಿಸುವುದು ಕಷ್ಟ. ಕಾರಕೂನನಾಗುವವರೆಗೆ ನನಗಿದು ತಿಳಿದಿರಲಿಲ್ಲ. ಧಾರವಾಡದ ಬಯಲಿನಲ್ಲಿ ಬೆಳೆದ ನನ್ನನ್ನು ಯಲ್ಲಾಪುರದ ಮಾಮಲೇದಾರ ಕಚೇರಿಗೆ ವರ್ಗ ಮಾಡಿದ್ದರು. ಊರಲ್ಲಿ ನನ್ನವರೆಂಬವರಿಲ್ಲ. ಪೇಟೆಯಲ್ಲೊಂದು ಬಾಡಿಗೆ ಖೋಲಿ, ಖಾನಾವಳಿಯ ಊಟ. ಆ ವರ್ಷ ನನ್ನ ಮನೆ ಹುಡುಕಿಕೊಂಡು ಬಂದದ್ದು ಚಳಿಜ್ವರ ಒಂದೇ.

ನಮ್ಮ ಹಳೆಯ ವೈದ್ಯಶಾಸ್ತ್ರ ಜ್ವರವನ್ನು ರೋಗಗಳ ರಾಜನೆನ್ನುತ್ತದೆ. ದಿನ ಬಿಟ್ಟು ದಿನ ಬರುವ ಜ್ವರಕ್ಕೆ ‘ತೃತೀಯಕ’ ಎಂಬ ಬಿರುದನ್ನೂ ಕೊಟ್ಟಿದೆ. ಆದರೆ ಮುಂಬಯಿ ಸರಕಾರದ ರಜೆಯ ನಿಯಮಕ್ಕೆ ರಾಜ ಬಂದರೆ ಸಾಲದು, ಡಾಕ್ಟರರ ಸರ್ಟಿಫಿಕೇಟು ಬೇಕು. ಊರಿನ ಡಾಕ್ಟರರೋ, ತಾವೇ ಜ್ವರದಿಂದ ಮಲಗಿ ರಜೆಯ ಮೇಲೆ ಹೋಗಿದ್ದರು. ನಾನು ಶಿರಸಿಗೆ ಹೋಗಬೇಕಾಯಿತು.

ಜ್ವರ ಬಂದ ದಿನ ಏಳಲಾಗುತ್ತಿರಲಿಲ್ಲ. ಹೀಗಾಗಿ ಬಿಟ್ಟ ದಿನ ಮೋಟಾರು ಹತ್ತಿದೆ. ಶಿರಸಿಯ ಡಾಕ್ಟರರು ಕೈ ಹಿಡಿದು, ನಾಲಗೆ ನೋಡಿ, “ನಿಮಗೆ ಎಂತ ಆಗಿದೆ ಮಾರಾಯ್ರೆ? ಮೈ ತಣ್ಣಗೇ ಇದ್ಯಲ್ಲ!” ಎಂದರು.

“ನಾಳೆ ಬರ್ತೈತ್ರಿ.”

“ಹಾಗಾದ್ರೆ ನೀವೂ ನಾಳೆನೇ ಬನ್ನಿ.”

ಧರ್ಮಶಾಲೆಯ ಜಗುಲಿಯಲ್ಲಿ ಕುಳಿತು ಜ್ವರದ ದಾರಿ ಕಾದೆ. ಅಲ್ಲಿದ್ದವರೆಲ್ಲ ಮೋಟಾರಿನಿಂದಿಳಿಯುವ ನೆಂಟರಿಗಾಗಿ ಕಾಯುತ್ತಿದ್ದರು. ಮರುದಿನ ಮಧ್ಯಾಹ್ನ ಹಲ್ಲು ಕಟಕಟಿಸತೊಡಗಿದಾಗ, ಸದ್ಯ ನನ್ನವರೂ ಬಂದರಲ್ಲ ಎಂದು ಸಮಾಧಾನವಾಯಿತು. ಕಂಬಳಿ ಹೊದ್ದು ನಡುಗುತ್ತ ಹೋದೆ. ಡಾಕ್ಟರರು ಮರುಮಾತಿಲ್ಲದೆ ಸರ್ಟಿಫಿಕೇಟು ಬರೆದರು, ಕ್ವಿನೈನು ಕೊಟ್ಟರು.

“ಮನೇಲೇ ಮಲಗಿರ್ಬೇಕು. ನೋಡ್ಕೊಳ್ಳೋಕೆ ಯಾರಾದ್ರೂ ಇದ್ದಾರಾ?”

“ಅದಾರ್ರಿ” ಎಂದೆ. ಯಾರೆಂದು ಅವರು ಕೇಳಲಿಲ್ಲ, ಒಳ್ಳೆಯದೇ ಆಯಿತು.

ಅಂತೂ ಸಿಕ್ ಲೀವು ಸಿಕ್ಕಿತು. ಕ್ವಿನೈನಿಗೆ ಹೆದರಿ ಜ್ವರ ಹೋಯಿತು. ಆಮೇಲೆ ಖೋಲಿಯಲ್ಲಿ ಉಳಿದವನು ನಾನೊಬ್ಬನೇ. ಖಾನಾವಳಿಯವರು ಜ್ವರ ಅಂಟೀತೆಂಬ ಅಂಜಿಕೆಯಿಂದ ಗಂಜಿಯನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟಿ ಹೋಗಿಬಿಡುತ್ತಿದ್ದರು. ನನ್ನ ದನಿ ಹೇಗಿತ್ತೆಂಬುದೇ ನನಗೆ ಮರೆಯತೊಡಗಿತು. ಒಂದು ಮುಂಜಾನೆ ತಡೆಯಲಾರದೆ ಕೋಟು ಹಾಕಿಕೊಂಡು ಕಚೇರಿಗೆ ನಡೆದೆ. ಅರ್ಜಿ ಕೊಡಲು ಬಂದವರು ಕೂರುವ ಬಾಕಿನ ತುದಿಯಲ್ಲಿ ಕುಳಿತೆ. ಅಲ್ಲಿ ಅಣ್ಣತಮ್ಮಂದಿರಿಬ್ಬರು ಬೇಲಿಗಾಗಿ ಬೈದಾಡುತ್ತಿದ್ದರು. ಅಷ್ಟು ಇಂಪಾದ ಮಾತನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ.

ಆಗ ಅವಲ್ ಕಾರಕೂನರು ಹೊರಗೆ ಬಂದರು. ಕಚೇರಿಯ ಹಿರಿಯ ಗುಮಾಸ್ತರಾದ ಅವರು ಸಿದ್ದಾಪುರದ ಕಡೆಯವರು, ನಿಯಮಕ್ಕೆ ಬಿಗಿ.

“ರಜೆಯಲ್ಲಿದ್ದವರು ಇಲ್ಲಿಗೆ ಬರೋ ಹಾಗಿಲ್ಲ. ಗೊತ್ತಿಲ್ವ?”

“ಗೊತ್ತೈತ್ರಿ. ಖೋಲ್ಯಾಗ ಒಬ್ಬನ ಕುಂತು ಭಾಳ ಬ್ಯಾಸರಾತ್ರಿ.”

ಇನ್ನು ಬೈಗುಳವೇ ಎಂದು ತಲೆ ತಗ್ಗಿಸಿದೆ. ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. “ಹೆಂಡತಿ ತೀರ್ಕೊಂಡಾಗ ನಾನೂ ರಜೆ ಹಾಕಿದ್ದೆ. ಮನೇಲಿ ಕೂರೋಕೆ ಆಗ್ಲಿಲ್ಲ ಮಾರಾಯ್ರೆ. ರಜೆ ಮುಗಿಯೋ ಮೊದ್ಲೇ ಬಂದುಬಿಟ್ಟೆ.” ಕೂಡಲೇ ಎಲ್ಲರಿಗೂ ಕೇಳುವಂತೆ, “ಏಳಿ, ಏಳಿ! ನಿಯಮ ಅಂದ್ರೆ ನಿಯಮ!” ಎಂದು ಗದರಿ, ಮೆಟ್ಟಿಲವರೆಗೆ ಜೊತೆಗೇ ಬಂದರು. “ಸಂಜೆ ನಮ್ಮನೆಗೆ ಊಟಕ್ಕೆ ಬನ್ನಿ. ಅಡಿಗೆ ನಂದೇ. ಉಪ್ಪು ಸ್ವಲ್ಪ ಜಾಸ್ತಿ ಆಗ್ತದೆ.”

ಬೇಸರಕ್ಕೆ ಸರ್ಟಿಫಿಕೇಟು ಬರೆಯುವ ಡಾಕ್ಟರರು ಇನ್ನೂ ಹುಟ್ಟಿಲ್ಲ. ಅದರ ಗುರುತು ಹತ್ತುವುದು ಅದೇ ಕಾಯಿಲೆ ಬಿದ್ದವರಿಗೆ ಮಾತ್ರ.

ಸಾರಿಗೆ ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತು. ಆದರೆ ಹಾಗೆಂದು ಹೇಳಲು ಎದುರಿಗೊಬ್ಬರಿದ್ದರೆ ಉಪ್ಪಾದ ಸಾರೂ ರುಚಿಸುತ್ತದೆ. ಹೇಳಿದೆ. ಅವರು ನಗುತ್ತ ಇನ್ನೊಂದು ಸೌಟು ಬಡಿಸಿದರು.